ಯುಎಸ್‌ಬಿ ವೈ-ಫೈ ಅಡಾಪ್ಟರ್ ಲಿನಕ್ಸ್‌ನಲ್ಲಿ ಕೆಲಸ ಮಾಡದಿದ್ದಾಗ: ಚಿಪ್ ಗುರುತಿನಿಂದ ಸ್ಥಿರ ಸಂಪರ್ಕದವರೆಗೆ

ಅಡಾಪ್ಟರನ್ನು ಪೋರ್ಟಿಗೆ ಸಿಕ್ಕಿಸಿದ ಮೇಲೂ ವೈ-ಫೈ ಪಟ್ಟಿ ಕಾಣಿಸದಿದ್ದರೆ, ಹೆಚ್ಚಿನವರು ಪೆಟ್ಟಿಗೆಯ ಮೇಲಿನ ಹೆಸರನ್ನು ಹುಡುಕಾಟಕ್ಕೆ ಹಾಕಿ, ಮೊದಲು ಸಿಕ್ಕಿದ ಪುಟದಲ್ಲಿರುವ ಆದೇಶಗಳನ್ನು ಒಂದೊಂದಾಗಿ ಟರ್ಮಿನಲ್‌ಗೆ ಅಂಟಿಸತೊಡಗುತ್ತಾರೆ. ಅದು ಫಲಿಸದಿದ್ದರೆ ಇನ್ನೊಂದು ಪುಟ, ಆಮೇಲೆ ಮತ್ತೊಂದು ವಿಡಿಯೊ. ಹೀಗೆ ಒಂದೇ ಅಡಾಪ್ಟರಿಗೆ ಎರಡು ಮೂರು ಡ್ರೈವರ್‌ಗಳು (ಸಾಧನವನ್ನು ನಡೆಸುವ ತಂತ್ರಾಂಶಗಳು) ಸೇರಿಕೊಂಡು, ಯಾವುದು ಕೆಲಸ ಮಾಡುತ್ತಿದೆ, ಯಾವುದು ಅಡ್ಡಿಪಡಿಸುತ್ತಿದೆ ಎಂಬುದೇ ತಿಳಿಯದ ಸ್ಥಿತಿ ಬರುತ್ತದೆ. ಡ್ರೈವರ್ ಇಳಿಸಿಕೊಳ್ಳುವುದು ಈ ಕೆಲಸದಲ್ಲಿ ಕೊನೆಯ ಉಪಾಯವಾಗಬೇಕು. ಹಲವು ಪ್ರಕರಣಗಳಲ್ಲಿ ಅದು ಬೇಕಾಗುವುದೇ ಇಲ್ಲ.

ಕೆಳಗಿನ ಹಂತಗಳು ಕ್ರಮವಾಗಿವೆ. ಒಂದು ಹಂತದ ಉತ್ತರ ಸಿಗದೆ ಮುಂದಿನದಕ್ಕೆ ಹೋಗಬಾರದು, ಏಕೆಂದರೆ ಫರ್ಮ್‌ವೇರ್ (ಚಿಪ್ಪಿಗೆ ತುಂಬುವ ತಂತ್ರಾಂಶ) ಇಲ್ಲದ ಕಡೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ, ವಿದ್ಯುತ್ ಸಾಲದ ಕಡೆ ಡ್ರೈವರ್ ಬದಲಿಸಿ ಪ್ರಯೋಜನವಿಲ್ಲ. ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಉಚ್ಚಾರಣೆಯಂತೆ ಬರೆದಿದೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು, ‘ಹೈಫನ್’ ಎಂದಿರುವಲ್ಲಿ - ಚಿಹ್ನೆಯನ್ನೂ ‘ಡಾಟ್’ ಎಂದಿರುವಲ್ಲಿ ಚುಕ್ಕಿಯನ್ನೂ ಹಾಕಬೇಕು.

## ಕೈಗೆ ಬೇಕಾದವು

ಅಂತರ್ಜಾಲವಿಲ್ಲದ ಕಂಪ್ಯೂಟರಿಗೆ ಅಂತರ್ಜಾಲ ತರುವ ಸಾಧನವನ್ನು ಸರಿಪಡಿಸಲು ಅಂತರ್ಜಾಲವೇ ಬೇಕು ಎಂಬುದು ಇಲ್ಲಿನ ಮೊದಲ ತೊಡಕು. ಇದಕ್ಕೆ ಸುಲಭ ಪರಿಹಾರವೆಂದರೆ ಆಂಡ್ರಾಯ್ಡ್ ಫೋನು. ಡೇಟಾ ಕೇಬಲ್‌ನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿರುವ ‘ಯುಎಸ್‌ಬಿ ಟೆದರಿಂಗ್’ ಆಯ್ಕೆಯನ್ನು ಚಾಲೂ ಮಾಡಿದರೆ, ಲಿನಕ್ಸ್ ಅದನ್ನು ಸಾಮಾನ್ಯವಾಗಿ ಬೇರೇನೂ ಕೇಳದೆ ತಂತಿ ಸಂಪರ್ಕದಂತೆ ಬಳಸಿಕೊಳ್ಳುತ್ತದೆ. ಫೋನು ಮನೆಯ ವೈ-ಫೈಗೆ ಸೇರಿಕೊಂಡಿದ್ದರೆ ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲವಾದ್ದರಿಂದ ಟೆದರಿಂಗ್ ಆಯ್ಕೆ ಮಸುಕಾಗಿ ಕಂಡರೆ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಇದಲ್ಲದೆ ನಿರ್ವಾಹಕ ಪಾಸ್‌ವರ್ಡ್, ಒಂದು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಮತ್ತು ಬರೆದುಕೊಳ್ಳಲು ಒಂದು ಹಾಳೆ ಇರಲಿ. ವರ್ಚುವಲ್‌ಬಾಕ್ಸ್‌ನಂಥ ಕಿಟಕಿಯೊಳಗೆ ಲಿನಕ್ಸ್ ಓಡಿಸುತ್ತಿರುವವರು ಒಂದನ್ನು ನೆನಪಿಡಬೇಕು: ಅಲ್ಲಿ ಅತಿಥಿ ವ್ಯವಸ್ಥೆಗೆ ಕಾಣುವುದು ತಂತಿ ಸಂಪರ್ಕ ಮಾತ್ರ. ಅಡಾಪ್ಟರನ್ನು ಯುಎಸ್‌ಬಿ ಮೆನುವಿನ ಮೂಲಕ ಅತಿಥಿಗೆ ಒಪ್ಪಿಸದಿದ್ದರೆ ಕೆಳಗಿನ ಯಾವ ಹಂತವೂ ಅನ್ವಯಿಸದು.

## 1. ಪೆಟ್ಟಿಗೆಯ ಹೆಸರು ಬಿಟ್ಟು ಚಿಪ್ಪಿನ ಗುರುತು ಹಿಡಿಯುವುದು

ಅಡಾಪ್ಟರಿನ ಮೇಲೆ ಅಚ್ಚಾದ ಹೆಸರು ಮಾರಾಟಗಾರರದು. ಡ್ರೈವರ್‌ಗೆ ಬೇಕಾದದ್ದು ಒಳಗಿನ ಚಿಪ್. ಇವೆರಡೂ ಬೇರೆಬೇರೆಯಾಗಿರುತ್ತವೆ ಎನ್ನುವುದಕ್ಕೆ ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಅಡಾಪ್ಟರ್ ಒಳ್ಳೆಯ ಉದಾಹರಣೆ. ಇದರ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಕಂಪನಿಯ ಎಆರ್9271 ಚಿಪ್ ಇದ್ದು, ಲಿನಕ್ಸ್‌ನಲ್ಲಿ ಅದು ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತದೆ. ಎರಡನೆಯ ಮತ್ತು ಮೂರನೆಯ ಆವೃತ್ತಿಗಳಲ್ಲಿ ಅದೇ ಹೆಸರಿನಡಿ ರಿಯಲ್‌ಟೆಕ್ ಆರ್‌ಟಿಎಲ್8188ಇಯುಎಸ್ ಚಿಪ್ ಬಂತು. ಅದಕ್ಕೆ ಬೇಕಾದ ಡ್ರೈವರ್, ಫರ್ಮ್‌ವೇರ್ ಎಲ್ಲವೂ ಬೇರೆ. ಮೊದಲ ಆವೃತ್ತಿಯ ಬಗ್ಗೆ ಬರೆದ ಸಲಹೆಯನ್ನು ಮೂರನೆಯ ಆವೃತ್ತಿಗೆ ಅನ್ವಯಿಸಿ ಸೋತವರು ಈಗಲೂ ಸಿಗುತ್ತಾರೆ. ಆವೃತ್ತಿಯ ಸಂಖ್ಯೆ ಅಡಾಪ್ಟರಿನ ಬೆನ್ನಿನ ಚೀಟಿಯಲ್ಲಿ, ಕ್ರಮಸಂಖ್ಯೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಆದರೆ ಅದನ್ನು ನಂಬಿ ಕೂರುವ ಅಗತ್ಯವಿಲ್ಲ.

ಟರ್ಮಿನಲ್ ತೆರೆದು, ಅಡಾಪ್ಟರ್ ಸಿಕ್ಕಿಸುವ ಮುನ್ನ ಒಮ್ಮೆ, ಸಿಕ್ಕಿಸಿದ ಮೇಲೆ ಒಮ್ಮೆ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆದೇಶ ಕೊಡಬೇಕು. ಎರಡನೆಯ ಪಟ್ಟಿಯಲ್ಲಿ ಹೊಸದಾಗಿ ಸೇರಿದ ಸಾಲೇ ನಿಮ್ಮ ಅಡಾಪ್ಟರ್. ಆ ಸಾಲಿನಲ್ಲಿ ‘ಐಡಿ’ ಎಂಬುದರ ಮುಂದೆ 0ಬಿಡಿಎ:8179 ಎಂಬಂತೆ, ನಡುವಿನ ಕೋಲನ್ (:) ಚಿಹ್ನೆಯ ಎರಡೂ ಬದಿಗೆ ನಾಲ್ಕು ನಾಲ್ಕು ಸ್ಥಾನಗಳಿರುವ ಗುರುತು ಇರುತ್ತದೆ. ಎಡಗಡೆಯ ನಾಲ್ಕು ತಯಾರಕರದು, ಬಲಗಡೆಯ ನಾಲ್ಕು ಆ ಸಾಧನದ್ದು. ಈ ಎಂಟನ್ನೂ ಹಾಳೆಯ ಮೇಲೆ ಬರೆದುಕೊಳ್ಳಬೇಕು. ಮುಂದಿನ ಎಲ್ಲ ಹುಡುಕಾಟವೂ ಇದರ ಮೇಲೆಯೇ ನಡೆಯುತ್ತದೆ.

ಎಡಭಾಗ 0ಬಿಡಿಎ ಆಗಿದ್ದರೆ ಚಿಪ್ ರಿಯಲ್‌ಟೆಕ್‌ನದು, 0ಇ8ಡಿ ಆಗಿದ್ದರೆ ಮೀಡಿಯಾಟೆಕ್‌ನದು, 148ಎಫ್ ಆಗಿದ್ದರೆ ರಾಲಿಂಕ್‌ನದು, 0ಸಿಎಫ್3 ಆಗಿದ್ದರೆ ಅಥೆರಾಸ್‌ನದು. 2357 ಎಂದಿದ್ದರೆ ಅದು ಟಿಪಿ-ಲಿಂಕ್‌ನ ಸ್ವಂತ ಗುರುತು, 2001 ಡಿ-ಲಿಂಕ್‌ನದು. ಒಳಗಿನ ಚಿಪ್ ಯಾವುದೆಂದು ಇವು ನೇರವಾಗಿ ಹೇಳುವುದಿಲ್ಲ. ಹಾಗಾಗಿ ಪೂರ್ತಿ ಎಂಟು ಸ್ಥಾನಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೆಸರೇ ಇಲ್ಲದೆ ಮಾರಾಟವಾಗುವ ಉಗುರುಗಾತ್ರದ ಡಾಂಗಲ್‌ಗಳ ವಿಚಾರದಲ್ಲಿ ಈ ಗುರುತನ್ನು ಬಿಟ್ಟರೆ ಬೇರೆ ಆಧಾರವೇ ಇಲ್ಲ. ಅವುಗಳಲ್ಲಿ 148ಎಫ್:7601 ಎಂಬ ಗುರುತಿನ ಎಂಟಿ7601ಯು ಚಿಪ್ ಆಗಾಗ ಕಾಣಸಿಗುತ್ತದೆ.

ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಹೊಸ ಸಾಲೇ ಬರದಿದ್ದರೆ ಸಮಸ್ಯೆ ಡ್ರೈವರ್‌ದಲ್ಲ. ‘ಸುಡೊ ಡಿಎಂಇಎಸ್‌ಜಿ ಹೈಫನ್ ಡಬ್ಲ್ಯು’ ಆದೇಶ ಕೊಟ್ಟು, ಪರದೆಯನ್ನು ನೋಡುತ್ತಲೇ ಅಡಾಪ್ಟರನ್ನು ತೆಗೆದು ಮತ್ತೆ ಸಿಕ್ಕಿಸಬೇಕು. ‘ಎರರ್ -71’ ಅಥವಾ ‘ಎರರ್ -110’ ಎಂಬ ಸಾಲುಗಳು ಒಂದರ ಹಿಂದೊಂದು ಬಂದರೆ ಪೋರ್ಟು, ಕೇಬಲ್ ಅಥವಾ ವಿದ್ಯುತ್ ಪೂರೈಕೆಯನ್ನು ಅನುಮಾನಿಸಬೇಕು. ಸ್ವಂತ ವಿದ್ಯುತ್ ಇಲ್ಲದ ಹಬ್, ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್, ಸಣ್ಣ ಅಡಾಪ್ಟರಿನಿಂದ ಓಡುವ ರಾಸ್ಪ್‌ಬೆರಿ ಪೈ — ಇವು ಸಾಮಾನ್ಯ ಅಪರಾಧಿಗಳು. ಡೆಸ್ಕ್‌ಟಾಪಿನಲ್ಲಿ ಹಿಂಭಾಗದ ಪೋರ್ಟಿಗೆ ನೇರವಾಗಿ ಸಿಕ್ಕಿಸಿ ನೋಡದೆ ಮುಂದಕ್ಕೆ ಹೋಗಬೇಡಿ.

## 2. ಸಿಡಿಯ ವೇಷದಲ್ಲಿರುವ ಅಡಾಪ್ಟರ್

ಕೆಲವು ಅಡಾಪ್ಟರ್‌ಗಳು ಮೊದಲ ಬಾರಿ ಸಿಕ್ಕಿಸಿದಾಗ ವೈ-ಫೈ ಸಾಧನವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ವಿಂಡೋಸ್ ಬಳಕೆದಾರರಿಗೆ ಡ್ರೈವರ್ ಕಡತವನ್ನು ಕೈಗೆಟುಕಿಸಲೆಂದು ತಯಾರಕರು ಅದರೊಳಗೇ ಒಂದು ಪುಟ್ಟ ಸಿಡಿ ಡ್ರೈವ್ ಇಟ್ಟಿರುತ್ತಾರೆ. ಕಡತ ವ್ಯವಸ್ಥಾಪಕದಲ್ಲಿ ಹೊಸ ಡಿಸ್ಕ್ ಒಂದು ಏಕಾಏಕಿ ಕಾಣಿಸಿಕೊಳ್ಳುವುದು ಇದರ ಸೂಚನೆ. ರಿಯಲ್‌ಟೆಕ್ ಸಾಧನಗಳಲ್ಲಿ ಈ ವೇಷದ ಗುರುತು 0ಬಿಡಿಎ:1ಎ2ಬಿ. ಈ ಗುರುತು ಹಿಡಿದುಕೊಂಡು ಡ್ರೈವರ್ ಹುಡುಕುವುದು ವ್ಯರ್ಥ, ಏಕೆಂದರೆ ಅದು ಚಿಪ್ಪಿನ ನಿಜವಾದ ಗುರುತೇ ಅಲ್ಲ.

‘ಎಲ್‌ಎಸ್‌ಯುಎಸ್‌ಬಿ ಹೈಫನ್ ಟಿ’ ಆದೇಶ ಕೊಟ್ಟರೆ ಸಾಧನಗಳು ಮರದ ಕೊಂಬೆಗಳಂತೆ ಕಾಣುತ್ತವೆ ಮತ್ತು ಪ್ರತಿ ಸಾಲಿನಲ್ಲೂ ‘ಡ್ರೈವರ್’ ಎಂಬುದರ ಮುಂದೆ, ಸಾಧನವನ್ನು ಯಾವುದು ನಡೆಸುತ್ತಿದೆ ಎಂದು ಬರೆದಿರುತ್ತದೆ. ಅಲ್ಲಿ ‘ಯುಎಸ್‌ಬಿ-ಸ್ಟೋರೇಜ್’ ಎಂದಿದ್ದರೆ ವೇಷ ಖಚಿತ. ಕಾಣಿಸಿಕೊಂಡ ಡಿಸ್ಕನ್ನು ‘ಇಜೆಕ್ಟ್’ ಮಾಡಿದರೆ ಬಹಳಷ್ಟು ಅಡಾಪ್ಟರ್‌ಗಳು ಕೆಲವು ಕ್ಷಣಗಳಲ್ಲಿ ಹೊಸ ಗುರುತಿನೊಂದಿಗೆ ಮರಳಿ ಬರುತ್ತವೆ. ಪ್ರತಿ ಬಾರಿಯೂ ಕೈಯಿಂದ ಇದನ್ನು ಮಾಡುವ ತಾಪತ್ರಯ ತಪ್ಪಿಸಲು ‘ಯುಎಸ್‌ಬಿ-ಮೋಡ್‌ಸ್ವಿಚ್’ ಎಂಬ ಪ್ಯಾಕೇಜ್ ಇದೆ. ಅದನ್ನು ಹಾಕಿ, ಅಡಾಪ್ಟರನ್ನು ತೆಗೆದು ಮತ್ತೆ ಸಿಕ್ಕಿಸಿ, ಹೊಸ ಗುರುತನ್ನು ಬರೆದುಕೊಳ್ಳಬೇಕು.

## 3. ಕರ್ನಲ್‌ನಲ್ಲಿ ಡ್ರೈವರ್ ಈಗಾಗಲೇ ಇದೆಯೇ ಎಂದು ನೋಡುವುದು

ವಿಂಡೋಸ್‌ನಿಂದ ಬಂದವರಿಗೆ ಇಲ್ಲಿಯೇ ಎಡವಟ್ಟಾಗುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ವ್ಯವಸ್ಥೆಯ ತಿರುಳಾದ ಕರ್ನಲ್‌ನ ಜೊತೆಯಲ್ಲೇ ಬರುತ್ತವೆ, ತಯಾರಕರ ತಾಣದಿಂದ ಬರುವುದಿಲ್ಲ. ಆದ್ದರಿಂದ ‘ನನ್ನ ಅಡಾಪ್ಟರಿಗೆ ಡ್ರೈವರ್ ಎಲ್ಲಿ ಸಿಗುತ್ತದೆ’ ಎಂದು ಕೇಳುವ ಮೊದಲು ‘ನನ್ನ ಕರ್ನಲ್ ಈ ಚಿಪ್ಪಿಗೆ ಸಾಕಷ್ಟು ಹೊಸದೇ’ ಎಂದು ಕೇಳಬೇಕು. ‘ಯುನೇಮ್ ಹೈಫನ್ ಆರ್’ ಆದೇಶ ಕರ್ನಲ್ ಆವೃತ್ತಿಯನ್ನು ತಿಳಿಸುತ್ತದೆ.

ಮೀಡಿಯಾಟೆಕ್ ಮತ್ತು ರಾಲಿಂಕ್ ಚಿಪ್ಪುಗಳ ಕಥೆ ಸರಳ. ಎಂಟಿ7601ಯು ಚಿಪ್ಪಿಗೆ ಕರ್ನಲ್ 4.2ರಿಂದ, ಎಂಟಿ7610ಯು ಹಾಗೂ ಎಂಟಿ7612ಯು ಚಿಪ್ಪುಗಳಿಗೆ 4.19ರಿಂದ, ವೈ-ಫೈ 6 ಬಲ್ಲ ಎಂಟಿ7921ಎಯು ಚಿಪ್ಪಿಗೆ 5.18ರಿಂದ ಡ್ರೈವರ್ ಕರ್ನಲ್‌ನಲ್ಲೇ ಇದೆ. ಹಳೆಯ ರಾಲಿಂಕ್ ಆರ್‌ಟಿ5370 ಮತ್ತು ಅಥೆರಾಸ್ ಎಆರ್9271 ಇವುಗಳಿಗಂತೂ ಇಂದು ಬಳಕೆಯಲ್ಲಿರುವ ಯಾವ ಕರ್ನಲ್ ಆದರೂ ಸಾಕು.

ತಲೆನೋವು ರಿಯಲ್‌ಟೆಕ್‌ನದು. ಆರ್‌ಟಿಎಲ್8188ಇಯು ಚಿಪ್ಪಿಗೆ ಹಿಂದಿನ ಕರ್ನಲ್‌ಗಳಲ್ಲಿ ಪ್ರಯೋಗ ಹಂತದ ಡ್ರೈವರ್ ಒಂದಿತ್ತು, 6.3ರಿಂದ ‘ಆರ್‌ಟಿಎಲ್8ಎಕ್ಸ್‌ಎಕ್ಸ್‌ಎಕ್ಸ್‌ಯು’ ಎಂಬ ಸರಿಯಾದ ಡ್ರೈವರ್ ಅದನ್ನು ನೋಡಿಕೊಳ್ಳುತ್ತದೆ. ಆರ್‌ಟಿಎಲ್8811ಸಿಯು, 8821ಸಿಯು, 8812ಬಿಯು, 8822ಬಿಯು ಚಿಪ್ಪುಗಳ ಯುಎಸ್‌ಬಿ ರೂಪಕ್ಕೆ ಬೆಂಬಲ ಬಂದದ್ದು 6.2ರಲ್ಲಿ, ‘ಆರ್‌ಟಿಡಬ್ಲ್ಯು88’ ಎಂಬ ಡ್ರೈವರ್ ಕುಟುಂಬದ ಮೂಲಕ. ಮೊದಲ ಕೆಲವು ಆವೃತ್ತಿಗಳಲ್ಲಿ ಅದರ ಸ್ಥಿರತೆ ಅಷ್ಟಕ್ಕಷ್ಟೇ ಇತ್ತು, ಈಚಿನ ಕರ್ನಲ್‌ಗಳಲ್ಲಿ ಸುಧಾರಿಸಿದೆ. ಬಹಳ ಜನರ ಬಳಿ ಇರುವ ಆರ್‌ಟಿಎಲ್8811ಎಯು, 8821ಎಯು, 8812ಎಯು ಚಿಪ್ಪುಗಳು ಕರ್ನಲ್‌ನೊಳಗೆ ಜಾಗ ಪಡೆದದ್ದು 6.13ರಲ್ಲಿ. ಹೆಸರುಗಳಲ್ಲಿ ‘ಎಯು’, ‘ಬಿಯು’, ‘ಸಿಯು’ ಎಂಬ ಬಾಲವನ್ನು ಗಮನವಿಟ್ಟು ಓದಬೇಕು: 8812ಎಯು ಮತ್ತು 8812ಬಿಯು ಎರಡು ಬೇರೆ ಚಿಪ್ಪುಗಳು, ಒಂದರ ಡ್ರೈವರ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಈ ಸಂಖ್ಯೆಗಳನ್ನು ನಿಮ್ಮ ವ್ಯವಸ್ಥೆಯೊಂದಿಗೆ ಹೋಲಿಸಿ. ಡೆಬಿಯನ್ 12ರ ಕರ್ನಲ್ 6.1, ಡೆಬಿಯನ್ 13ರದು 6.12, ಉಬುಂಟು 24.04 ಮತ್ತು ಅದನ್ನಾಧರಿಸಿದ ಮಿಂಟ್ 22 ಬಿಡುಗಡೆಯಾದದ್ದು 6.8ರೊಂದಿಗೆ. ಅಂದರೆ 8812ಬಿಯು ಅಡಾಪ್ಟರ್ ಡೆಬಿಯನ್ 12ರಲ್ಲಿ ಸುಮ್ಮನೆ ಕೂರುವುದೂ ಉಬುಂಟು 24.04ರಲ್ಲಿ ಎಚ್ಚೆತ್ತುಕೊಳ್ಳುವುದೂ ಅದೃಷ್ಟದ ಮಾತಲ್ಲ.

ಇದಕ್ಕಿಂತ ಖಚಿತವಾದ ಪರೀಕ್ಷೆಯೊಂದಿದೆ, ಅದಕ್ಕೆ ಅಂತರ್ಜಾಲವೂ ಬೇಡ. ‘ಲಿಬ್’ ಫೋಲ್ಡರಿನೊಳಗಿನ ‘ಮಾಡ್ಯೂಲ್ಸ್’, ಅದರೊಳಗೆ ನಿಮ್ಮ ಕರ್ನಲ್ ಆವೃತ್ತಿಯ ಹೆಸರಿನ ಫೋಲ್ಡರ್, ಅದರೊಳಗೆ ‘ಮಾಡ್ಯೂಲ್ಸ್ ಡಾಟ್ ಅಲಿಯಾಸ್’ ಎಂಬ ಕಡತವಿರುತ್ತದೆ. ಈ ಕರ್ನಲ್‌ಗೆ ಪರಿಚಯವಿರುವ ಪ್ರತಿ ಸಾಧನದ ಗುರುತೂ ಅದನ್ನು ನಡೆಸುವ ಡ್ರೈವರಿನ ಹೆಸರೂ ಆ ಕಡತದಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. 0ಬಿಡಿಎ:8179 ಎಂಬ ಗುರುತು ಅಲ್ಲಿ ‘ವಿ0ಬಿಡಿಎಪಿ8179’ ಎಂಬ ರೂಪದಲ್ಲಿರುತ್ತದೆ — ಮೊದಲಿಗೆ ‘ವಿ’, ತಯಾರಕರ ಗುರುತು, ನಡುವೆ ‘ಪಿ’, ಸಾಧನದ ಗುರುತು. ‘ಗ್ರೆಪ್ ಹೈಫನ್ ಐ’ ಬಳಸಿ ಅದನ್ನು ಹುಡುಕಿದಾಗ ಒಂದು ಸಾಲು ಸಿಕ್ಕರೆ, ಸಾಲಿನ ಕೊನೆಯ ಪದವೇ ಡ್ರೈವರಿನ ಹೆಸರು: ನಿಮಗೆ ಹೊರಗಿನ ಡ್ರೈವರ್ ಬೇಕಾಗಿಲ್ಲ, ನೇರವಾಗಿ 4ನೇ ಹಂತಕ್ಕೆ ಹೋಗಿ. ಏನೂ ಸಿಗದಿದ್ದರೆ ಈ ಕರ್ನಲ್‌ಗೆ ಆ ಸಾಧನದ ಪರಿಚಯವಿಲ್ಲ.

ಪರಿಚಯವಿಲ್ಲದಾಗ ಮೊದಲ ಆಯ್ಕೆ ಹೊಸ ಕರ್ನಲ್. ಉಬುಂಟು 24.04ರಲ್ಲಿ ‘ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04’ ಎಂಬ ಪ್ಯಾಕೇಜ್ ಹಾಕಿದರೆ 6.14 ಅಥವಾ ಅದಕ್ಕಿಂತ ಹೊಸದು ಸಿಗುತ್ತದೆ. ಡೆಬಿಯನ್‌ನಲ್ಲಿ ಹೊಸ ಆವೃತ್ತಿಯ ಪ್ಯಾಕೇಜ್‌ಗಳನ್ನು ಕೊಡುವ ಬ್ಯಾಕ್‌ಪೋರ್ಟ್ಸ್ ಭಂಡಾರ, ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರಿನ ಕರ್ನಲ್ ಪಟ್ಟಿ ಇದೆ. ಫೆಡೋರಾ ಮತ್ತು ಆರ್ಚ್ ಬಳಸುವವರಿಗೆ ಸಾಮಾನ್ಯ ಅಪ್‌ಡೇಟ್ ಸಾಕು. ಹಳೆಯ ಕರ್ನಲ್ ಬೂಟ್ ಮೆನುವಿನಲ್ಲಿ ಉಳಿದೇ ಇರುವುದರಿಂದ ಹೊಸದು ಕೈಕೊಟ್ಟರೂ ಹಿಂದಿರುಗಬಹುದು. ನನ್ನ ಅಭಿಪ್ರಾಯದಲ್ಲಿ ಹೊರಗಿನ ಡ್ರೈವರ್ ಹಾಕಿ ಪ್ರತಿ ಅಪ್‌ಡೇಟಿಗೂ ಆತಂಕಪಡುವುದಕ್ಕಿಂತ ಈ ದಾರಿ ಎಷ್ಟೋ ಮೇಲು.

## 4. ಫರ್ಮ್‌ವೇರ್ ಕಡತ

ಡ್ರೈವರ್ ಇದ್ದರೂ ಅಡಾಪ್ಟರ್ ಏಳದಿರಲು ಮುಖ್ಯ ಕಾರಣ ಫರ್ಮ್‌ವೇರ್. ಚಿಪ್ಪಿನೊಳಗಿನ ಪುಟ್ಟ ಸಂಸ್ಕಾರಕಕ್ಕೆ ಬೇಕಾದ ಈ ತಂತ್ರಾಂಶವನ್ನು ಡ್ರೈವರ್ ಪ್ರತಿ ಬಾರಿಯೂ ಡಿಸ್ಕಿನಿಂದ ಎತ್ತಿ ಅಡಾಪ್ಟರಿಗೆ ತುಂಬಬೇಕು. ‘ಸುಡೊ ಡಿಎಂಇಎಸ್‌ಜಿ’ ಫಲಿತಾಂಶದಲ್ಲಿ ‘ಫರ್ಮ್‌ವೇರ್’ ಎಂಬ ಪದವಿರುವ ಸಾಲುಗಳನ್ನು ಹುಡುಕಬೇಕು. ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ... ಫೇಲ್ಡ್ ವಿತ್ ಎರರ್ -2’ ಎಂದಿದ್ದರೆ ಕಡತವೇ ಇಲ್ಲವೆಂದರ್ಥ. ಯಾವ ಕಡತ ಎಂಬುದನ್ನೂ ಅದೇ ಸಾಲು ಹೇಳುತ್ತದೆ.

ಉಬುಂಟು, ಮಿಂಟ್ ಬಳಸುವವರಿಗೆ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜನ್ನು ಅಪ್‌ಡೇಟ್ ಮಾಡಿದರೆ ಮುಗಿಯಿತು. ಡೆಬಿಯನ್‌ನಲ್ಲಿ ಸ್ವಲ್ಪ ಕೆಲಸವಿದೆ: 12ನೇ ಆವೃತ್ತಿಯಿಂದ ಫರ್ಮ್‌ವೇರ್‌ಗಳು ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪ್ರತ್ಯೇಕ ವಿಭಾಗದಲ್ಲಿವೆ. ಹಳೆಯ ಆವೃತ್ತಿಯಿಂದ ಮೇಲೇರಿ ಬಂದ ಕಂಪ್ಯೂಟರುಗಳಲ್ಲಿ ಭಂಡಾರದ ಪಟ್ಟಿಯಲ್ಲಿ ‘ನಾನ್-ಫ್ರೀ’ ಮಾತ್ರ ಇದ್ದು ಈ ಹೊಸ ಪದ ಇಲ್ಲದಿರುವುದು ಮಾಮೂಲು. ಅದನ್ನು ಸೇರಿಸಿ, ‘ಎಪಿಟಿ ಅಪ್‌ಡೇಟ್’ ಮಾಡಿ, ರಿಯಲ್‌ಟೆಕ್ ಚಿಪ್ಪಿಗೆ ‘ಫರ್ಮ್‌ವೇರ್-ರಿಯಲ್‌ಟೆಕ್’, ಅಥೆರಾಸ್‌ಗೆ ‘ಫರ್ಮ್‌ವೇರ್-ಅಥೆರಾಸ್’ ಪ್ಯಾಕೇಜ್ ಹಾಕಬೇಕು. ಮೀಡಿಯಾಟೆಕ್‌ನದು 12ರಲ್ಲಿ ‘ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ’ ಎಂಬುದರೊಳಗಿದೆ.

ಪ್ಯಾಕೇಜ್ ಹಾಕಿದ ಮೇಲೆ ಅಡಾಪ್ಟರನ್ನು ತೆಗೆದು ಮತ್ತೆ ಸಿಕ್ಕಿಸಲೇಬೇಕು. ಇದನ್ನು ಮರೆತು, ಫರ್ಮ್‌ವೇರ್ ಹಾಕಿದರೂ ಆಗಲಿಲ್ಲವೆಂದು ತಪ್ಪು ದಾರಿ ಹಿಡಿಯುವವರು ಕಡಿಮೆಯೇನಿಲ್ಲ. ಒಂದೊಂದು ಕಡತವನ್ನೇ ಅಪರಿಚಿತ ತಾಣಗಳಿಂದ ಇಳಿಸಿ ಫೋಲ್ಡರಿಗೆ ಸುರಿಯುವುದನ್ನು ಮಾತ್ರ ಮಾಡಬಾರದು.

## 5. ಹೊರಗಿನ ಡ್ರೈವರ್ ಹಾಕಲೇಬೇಕಾದಾಗ

ಕರ್ನಲ್ ಬದಲಿಸುವ ಅವಕಾಶವಿಲ್ಲದಿದ್ದರೆ, ಅಥವಾ ಹೊಸ ಕರ್ನಲ್‌ನಲ್ಲೂ ಚಿಪ್ಪಿಗೆ ಬೆಂಬಲವಿಲ್ಲದಿದ್ದರೆ ಮಾತ್ರ ಈ ಹಂತ. ಇಲ್ಲಿ ಕ್ರಮ ತಪ್ಪಿದರೆ ಮೊದಲಿನಿಂದ ಮಾಡಬೇಕಾಗುತ್ತದೆ.

ಮೊದಲು ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಭದ್ರತಾ ವ್ಯವಸ್ಥೆ) ಸ್ಥಿತಿ ತಿಳಿಯಬೇಕು. ‘ಮೋಕ್‌ಯುಟಿಲ್’ ಆದೇಶಕ್ಕೆ ಎರಡು ಹೈಫನ್ ಸೇರಿಸಿ ‘ಎಸ್‌ಬಿ-ಸ್ಟೇಟ್’ ಎಂದು ಕೊಟ್ಟರೆ ಅದು ಚಾಲೂ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಚಾಲೂ ಇದ್ದರೆ, ನೀವು ಕಟ್ಟಿದ (ಕಂಪೈಲ್ ಮಾಡಿದ) ಡ್ರೈವರ್‌ಗೆ ಸಹಿ ಇರದ ಕಾರಣ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಸಂದೇಶದ ಅರ್ಥ ಇದೇ. ಡ್ರೈವರ್ ಸರಿಯಾಗಿಯೇ ಕಟ್ಟಿರುವುದರಿಂದ ಬೇರೆಲ್ಲೂ ದೋಷ ಕಾಣುವುದಿಲ್ಲ, ಜನ ಗಂಟೆಗಟ್ಟಲೆ ಕಳೆಯುವುದು ಇಲ್ಲಿಯೇ.

ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಹೊಸ ಪಾಸ್‌ವರ್ಡ್ ಒಂದನ್ನು ಕೇಳಲಾಗುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಮುಂದಿನ ಬೂಟ್‌ನಲ್ಲಿ ಒಂದೇ ಬಾರಿ ಬಳಸುವಂಥದ್ದು. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯೊಂದು ಬಂದು, ಯಾವುದಾದರೂ ಕೀಲಿ ಒತ್ತಿ ಎಂದು ಹತ್ತು ಸೆಕೆಂಡು ಕಾಯುತ್ತದೆ. ಚಹಾ ತರಲು ಎದ್ದು ಹೋದರೆ ಆ ಪರದೆ ತಪ್ಪಿಹೋಗಿ ಕಂಪ್ಯೂಟರ್ ಎಂದಿನಂತೆ ಏಳುತ್ತದೆ, ಡ್ರೈವರ್ ಮಾತ್ರ ಏಳುವುದಿಲ್ಲ. ಕೀಲಿ ಒತ್ತಿ, ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’ ಎಂಬ ಆಯ್ಕೆಗಳನ್ನು ದಾಟಿ ಆ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಬೇಕು. ಆ ಪರದೆಯಲ್ಲಿ ಕೀಲಿಮಣೆ ಅಮೆರಿಕನ್ ವಿನ್ಯಾಸದಲ್ಲಿರುವುದರಿಂದ ಪಾಸ್‌ವರ್ಡಿನಲ್ಲಿ ಚಿಹ್ನೆಗಳನ್ನು ಬಳಸದೆ ಬರೀ ಅಕ್ಷರ, ಅಂಕಿಗಳನ್ನು ಬಳಸುವುದು ಕ್ಷೇಮ.

ಎರಡನೆಯದಾಗಿ, ಡ್ರೈವರ್ ಕಟ್ಟಲು ಬೇಕಾದ ಸಲಕರಣೆಗಳು. ಡೆಬಿಯನ್ ಕುಟುಂಬದಲ್ಲಿ ‘ಬಿಲ್ಡ್-ಎಸೆನ್ಷಿಯಲ್’, ‘ಡಿಕೆಎಂಎಸ್’ ಮತ್ತು ನಿಮ್ಮ ಕರ್ನಲ್‌ನ ಆವೃತ್ತಿಗೇ ಹೊಂದುವ ‘ಲಿನಕ್ಸ್-ಹೆಡರ್ಸ್’, ಫೆಡೋರಾದಲ್ಲಿ ‘ಕರ್ನಲ್-ಡೆವೆಲ್’. ಹೆಡರ್ಸ್ ಆವೃತ್ತಿ ‘ಯುನೇಮ್ ಹೈಫನ್ ಆರ್’ ತೋರಿಸುವುದಕ್ಕಿಂತ ಒಂದಂಕಿ ಬೇರೆಯಾದರೂ ಡ್ರೈವರ್ ಕಟ್ಟಲಾಗದು. ಅಪ್‌ಡೇಟ್ ಮುಗಿಸಿ ರೀಸ್ಟಾರ್ಟ್ ಮಾಡದವರಿಗೆ ಈ ವ್ಯತ್ಯಾಸ ತಪ್ಪಿದ್ದಲ್ಲ. ಉಬುಂಟು 22.04ರಲ್ಲಿ ಹೊಸ ಕರ್ನಲ್ ಹಾಕಿಕೊಂಡವರಿಗೆ ‘ಜಿಸಿಸಿ-12’ ಕಾಣುತ್ತಿಲ್ಲವೆಂಬ ದೋಷ ಬಂದರೆ ಅದೇ ಹೆಸರಿನ ಪ್ಯಾಕೇಜ್ ಹಾಕಬೇಕು.

ಮೂರನೆಯದಾಗಿ, ಡ್ರೈವರಿನ ಆಯ್ಕೆ. ಮೂಲ ಸಂಕೇತವಿರುವ ಪುಟದಲ್ಲಿ ಕೊನೆಯ ಬದಲಾವಣೆ ಯಾವಾಗ ಆಯಿತು, ಯಾವ ಕರ್ನಲ್‌ವರೆಗೆ ಬೆಂಬಲವಿದೆ, ನಿಮ್ಮ ಎಂಟು ಸ್ಥಾನದ ಗುರುತು ಅದರ ಪಟ್ಟಿಯಲ್ಲಿದೆಯೇ ಎಂಬ ಮೂರನ್ನೂ ನೋಡದೆ ಇಳಿಸಬಾರದು. ಅಡಾಪ್ಟರಿನ ಜೊತೆ ಬಂದ ಸಿಡಿಯಲ್ಲಿರುವ ‘ಲಿನಕ್ಸ್ ಡ್ರೈವರ್’ ಸಾಮಾನ್ಯವಾಗಿ ಎಷ್ಟೋ ಹಿಂದಿನ ಕರ್ನಲ್‌ಗೆ ಬರೆದದ್ದಾಗಿದ್ದು ಇಂದಿನದರಲ್ಲಿ ಕಟ್ಟುವುದೇ ಇಲ್ಲ. ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನಲ್ಲಿ ಓಡಿಸುವ ‘ಎನ್‌ಡಿಐಎಸ್‌ವ್ರ್ಯಾಪರ್’ ಎಂಬುದನ್ನು ಯಾರಾದರೂ ಸೂಚಿಸಿದರೆ ಆ ಸಲಹೆ ವಿಂಡೋಸ್ ಎಕ್ಸ್‌ಪಿ ಕಾಲದ್ದೆಂದು ತಿಳಿದು ಬಿಟ್ಟುಬಿಡಿ.

ಸ್ಥಾಪನೆಯನ್ನು ಡಿಕೆಎಂಎಸ್ ಮೂಲಕವೇ ಮಾಡಬೇಕು, ‘ಮೇಕ್ ಇನ್‌ಸ್ಟಾಲ್’ ಮೂಲಕ ಬೇಡ. ಹೊಸ ಕರ್ನಲ್ ಬಂದಾಗಲೆಲ್ಲ ಡ್ರೈವರನ್ನು ತಾನಾಗಿಯೇ ಮತ್ತೆ ಕಟ್ಟುವುದು ಡಿಕೆಎಂಎಸ್ ಮಾತ್ರ. ‘ನಿನ್ನೆಯವರೆಗೆ ಸರಿಯಿತ್ತು, ಅಪ್‌ಡೇಟ್ ಆದ ಮೇಲೆ ವೈ-ಫೈ ಹೋಯಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ‘ಡಿಕೆಎಂಎಸ್ ಸ್ಟೇಟಸ್’ ಆದೇಶದ ಉತ್ತರದಲ್ಲಿ ‘ಇನ್‌ಸ್ಟಾಲ್ಡ್’ ಎಂದಿರಬೇಕು. ‘ಆಡೆಡ್’ ಎಂದಷ್ಟೇ ಇದ್ದರೆ ಕೆಲಸ ಅರ್ಧಕ್ಕೆ ನಿಂತಿದೆ.

ಕೊನೆಯದಾಗಿ, ಒಂದೇ ಸಾಧನಕ್ಕೆ ಇಬ್ಬರು ಒಡೆಯರು ಇರಬಾರದು. ಕರ್ನಲ್‌ನ ಡ್ರೈವರ್ ಮತ್ತು ಹೊರಗಿನ ಡ್ರೈವರ್ ಎರಡೂ ಅಡಾಪ್ಟರನ್ನು ಹಿಡಿಯಲು ಯತ್ನಿಸಿದರೆ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ‘ಇಟಿಸಿ’ ಫೋಲ್ಡರಿನೊಳಗಿನ ‘ಮಾಡ್‌ಪ್ರೋಬ್ ಡಾಟ್ ಡಿ’ ಎಂಬಲ್ಲಿ ಒಂದು ಕಡತ ರಚಿಸಿ, ಬೇಡದ ಡ್ರೈವರಿನ ಹೆಸರಿನ ಮುಂದೆ ‘ಬ್ಲ್ಯಾಕ್‌ಲಿಸ್ಟ್’ ಎಂದು ಬರೆಯಬೇಕು. ಕಡತದ ಹೆಸರು ‘ಡಾಟ್ ಕಾನ್ಫ್’ ಎಂದು ಕೊನೆಗೊಳ್ಳದಿದ್ದರೆ ವ್ಯವಸ್ಥೆ ಅದನ್ನು ಓದುವುದೇ ಇಲ್ಲ. ಮುಂದೊಂದು ದಿನ ಕರ್ನಲ್‌ನಲ್ಲೇ ಒಳ್ಳೆಯ ಬೆಂಬಲ ಬಂದಾಗ ಹೊರಗಿನ ಡ್ರೈವರನ್ನೂ ಈ ಕಡತವನ್ನೂ ಒಟ್ಟಿಗೇ ತೆಗೆಯಬೇಕು. ಕಡತ ಮಾತ್ರ ಉಳಿದರೆ ಕಾರಣವೇ ಕಾಣದಂತೆ ಅಡಾಪ್ಟರ್ ಮೂಕವಾಗುತ್ತದೆ.

## 6. ಸಾಧನ ಇದೆ, ಜಾಲಗಳ ಪಟ್ಟಿ ಇಲ್ಲ

‘ಐಡಬ್ಲ್ಯು ಡೆವ್’ ಆದೇಶಕ್ಕೆ ಒಂದು ಇಂಟರ್‌ಫೇಸ್ ಹೆಸರು ಬಂದರೆ ಡ್ರೈವರ್ ಮತ್ತು ಫರ್ಮ್‌ವೇರ್ ಎರಡೂ ಸರಿಯಿವೆ. ಯುಎಸ್‌ಬಿ ಅಡಾಪ್ಟರ್‌ಗಳ ಹೆಸರು ಹಲವು ವ್ಯವಸ್ಥೆಗಳಲ್ಲಿ ‘ಡಬ್ಲ್ಯುಎಲ್‌ಎಕ್ಸ್’ ಎಂದು ಆರಂಭವಾಗಿ ಹನ್ನೆರಡು ಸ್ಥಾನಗಳ ಬಾಲ ಹೊತ್ತಿರುತ್ತದೆ. ಅದು ದೋಷವಲ್ಲ, ಅಡಾಪ್ಟರಿನ ಮ್ಯಾಕ್ ವಿಳಾಸ (ಜಾಲದಲ್ಲಿ ಆ ಸಾಧನದ ಗುರುತು).

ಆಮೇಲೆ, ವೈ-ಫೈ ರೇಡಿಯೊ ಬಂದ್ ಆಗಿದೆಯೇ ಎಂದು ತಿಳಿಯಲು ‘ಆರ್‌ಎಫ್‌ಕಿಲ್ ಲಿಸ್ಟ್’ ಆದೇಶ ಕೊಡಬೇಕು. ‘ಸಾಫ್ಟ್ ಬ್ಲಾಕ್ಡ್’ ಮುಂದೆ ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ‘ಹಾರ್ಡ್ ಬ್ಲಾಕ್ಡ್’ ಇದ್ದರೆ ಲ್ಯಾಪ್‌ಟಾಪಿನ ಗುಂಡಿಯನ್ನೋ ಫಂಕ್ಷನ್ ಕೀಲಿಯನ್ನೋ ಹುಡುಕಬೇಕು. ಇನ್ನು ‘ಎನ್‌ಎಂಸಿಎಲ್‌ಐ ಡಿವೈಸ್’ ಉತ್ತರದಲ್ಲಿ ‘ಅನ್‌ಮ್ಯಾನೇಜ್ಡ್’ ಎಂದಿದ್ದರೆ, ಡೆಬಿಯನ್‌ನಲ್ಲಿ ‘ಇಟಿಸಿ’ಯೊಳಗಿನ ‘ನೆಟ್‌ವರ್ಕ್/ಇಂಟರ್‌ಫೇಸಸ್’ ಕಡತದಲ್ಲಿ ಈ ಇಂಟರ್‌ಫೇಸಿನ ಹೆಸರು ನಮೂದಾಗಿರುವ ಸಾಧ್ಯತೆ ಹೆಚ್ಚು. ಆ ಸಾಲುಗಳನ್ನು ತೆಗೆಯಬೇಕು. ‘ಅನ್‌ಅವೈಲಬಲ್’ ಎಂದಿದ್ದರೆ, ಪಾಸ್‌ವರ್ಡ್ ಕೊಟ್ಟು ಜಾಲಕ್ಕೆ ಸೇರಿಸುವ ‘ಡಬ್ಲ್ಯುಪಿಎ-ಸಪ್ಲಿಕೆಂಟ್’ ಪ್ಯಾಕೇಜ್ ಇದೆಯೇ ಎಂದು ನೋಡಬೇಕು.

ಪಕ್ಕದ ಫೋನಿಗೆ ಕಾಣುವ ಜಾಲ ಅಡಾಪ್ಟರಿಗೆ ಮಾತ್ರ ಕಾಣದಿದ್ದರೆ, ಅದು 5 ಗಿಗಾಹರ್ಟ್ಸ್ ಜಾಲವಿರಬಹುದು. ಎಂಟಿ7601ಯು, ಆರ್‌ಟಿಎಲ್8188ಇಯು, ಎಆರ್9271 ಇವೆಲ್ಲ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು, ಯಾವ ಡ್ರೈವರೂ ಅದನ್ನು ಬದಲಿಸಲಾರದು. ಎರಡೂ ಬಲ್ಲ ಅಡಾಪ್ಟರಿನಲ್ಲೂ ಕಾಣದಿದ್ದರೆ ‘ಐಡಬ್ಲ್ಯು ರೆಗ್ ಗೆಟ್’ ಕೊಟ್ಟು ದೇಶದ ಸಂಕೇತ ನೋಡಬೇಕು. 00 ಎಂದಿದ್ದರೆ ಜಗತ್ತಿಗೆಲ್ಲ ಹೊಂದುವ ಬಿಗಿ ನಿಯಮಗಳು ಜಾರಿಯಲ್ಲಿದ್ದು ಕೆಲವು ಚಾನೆಲ್‌ಗಳ ಮೇಲೆ ಅಡಾಪ್ಟರ್ ತಾನಾಗಿ ಪ್ರಸಾರ ಮಾಡುವುದಿಲ್ಲ. ಭಾರತದಲ್ಲಿರುವವರು ‘ಐಎನ್’ ಎಂದೂ ಹೊರದೇಶದಲ್ಲಿರುವವರು ಆಯಾ ದೇಶದ ಸಂಕೇತವನ್ನೂ ‘ಸುಡೊ ಐಡಬ್ಲ್ಯು ರೆಗ್ ಸೆಟ್’ ಮೂಲಕ ಕೊಡಬೇಕು.

## 7. ಸೇರುತ್ತದೆ, ನಿಲ್ಲುವುದಿಲ್ಲ

ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುತ್ತಿದ್ದರೆ ಎರಡು ಕಾರಣಗಳನ್ನು ಮೊದಲು ಪರೀಕ್ಷಿಸಬೇಕು. ರೂಟರ್ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನವನ್ನು ಮಾತ್ರ ಒಪ್ಪುವಂತಿದ್ದರೆ ಹಳೆಯ ಡ್ರೈವರ್‌ಗಳು ಸೇರಲಾರವು. ರೂಟರಿನಲ್ಲಿ ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ವಿಧಾನ ಆರಿಸಬೇಕು. ಇನ್ನೊಂದು, ಜಾಲ ಹುಡುಕುವಾಗ ನೆಟ್‌ವರ್ಕ್‌ಮ್ಯಾನೇಜರ್ (ಸಂಪರ್ಕಗಳನ್ನು ನೋಡಿಕೊಳ್ಳುವ ಸೇವೆ) ಮ್ಯಾಕ್ ವಿಳಾಸವನ್ನು ಬದಲಿಸುವುದು ಕೆಲವು ಯುಎಸ್‌ಬಿ ಚಿಪ್ಪುಗಳಿಗೆ ಒಗ್ಗುವುದಿಲ್ಲ. ನೆಟ್‌ವರ್ಕ್‌ಮ್ಯಾನೇಜರಿನ ‘ಕಾನ್ಫ್ ಡಾಟ್ ಡಿ’ ಫೋಲ್ಡರಿನ ಕಡತವೊಂದರಲ್ಲಿ, ಚೌಕ ಆವರಣದೊಳಗೆ ‘ಡಿವೈಸ್’ ಎಂದು ಬರೆದು ಅದರ ಕೆಳಗೆ ‘ವೈಫೈ.ಸ್ಕ್ಯಾನ್-ರ‍್ಯಾಂಡ್-ಮ್ಯಾಕ್-ಅಡ್ರೆಸ್=ನೋ’ ಎಂಬ ಸಾಲು ಸೇರಿಸಿ ಸೇವೆಯನ್ನು ಮತ್ತೆ ಚಾಲೂ ಮಾಡಬೇಕು.

ಸ್ವಲ್ಪ ಹೊತ್ತು ಬಳಸದೆ ಬಿಟ್ಟಾಗ ಸಂಪರ್ಕ ಕಡಿದರೆ ಅದು ವಿದ್ಯುತ್ ಉಳಿತಾಯದ ಲಕ್ಷಣ. ಉಬುಂಟುವಿನಲ್ಲಿ ಅದೇ ‘ಕಾನ್ಫ್ ಡಾಟ್ ಡಿ’ ಫೋಲ್ಡರಿನಲ್ಲಿ ‘ವೈಫೈ.ಪವರ್‌ಸೇವ್’ ಮೌಲ್ಯ 3 ಎಂದಿರುತ್ತದೆ. ಅದನ್ನು 2 ಮಾಡಿದರೆ ಉಳಿತಾಯ ನಿಲ್ಲುತ್ತದೆ.

ಬಳಸುತ್ತಿರುವಾಗಲೇ ವೇಗ ಕುಸಿದರೆ, ಅದರಲ್ಲೂ ಹೊರಗಿನ ಹಾರ್ಡ್ ಡಿಸ್ಕಿಗೆ ಕಡತ ನಕಲಾಗುವಾಗ ಹಾಗಾದರೆ, ತಂತ್ರಾಂಶವನ್ನು ಮುಟ್ಟಬೇಡಿ. ಯುಎಸ್‌ಬಿ 3 ಪೋರ್ಟು ಮತ್ತು ಕೇಬಲ್‌ಗಳು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲೇ ರೇಡಿಯೊ ಗದ್ದಲ ಎಬ್ಬಿಸುತ್ತವೆ; ಇಂಟೆಲ್ 2012ರಲ್ಲೇ ಇದನ್ನು ಅಳೆದು ವರದಿ ಪ್ರಕಟಿಸಿದೆ. ಎಕ್ಸ್‌ಟೆನ್ಷನ್ ಕೇಬಲ್ ಉಪಯೋಗಕ್ಕೆ ಬರುವುದು ಇಲ್ಲಿ. ಅಡಾಪ್ಟರನ್ನು ಪೋರ್ಟಿನಿಂದ ಒಂದೆರಡು ಅಡಿ ದೂರ ಸರಿಸಿ, 2.4 ಮಾತ್ರ ಬಲ್ಲ ಅಡಾಪ್ಟರಾದರೆ ಯುಎಸ್‌ಬಿ 2 ಪೋರ್ಟಿಗೇ ಹಾಕಿ. ಸಾಧ್ಯವಿದ್ದರೆ 5 ಗಿಗಾಹರ್ಟ್ಸ್ ಜಾಲಕ್ಕೆ ಹೋಗುವುದು ಇನ್ನೂ ಒಳ್ಳೆಯದು.

## 8. ಬಿಎಸ್‌ಡಿ ಬಳಸುವವರಿಗೆ

ಬಿಎಸ್‌ಡಿ ಎಂಬುದು ಲಿನಕ್ಸ್‌ನಂತೆಯೇ ಯುನಿಕ್ಸ್ ಪರಂಪರೆಯ ಬೇರೆ ಕಾರ್ಯಾಚರಣ ವ್ಯವಸ್ಥೆಗಳ ಕುಟುಂಬ. ಮೇಲಿನ ಕ್ರಮ ಇಲ್ಲಿಯೂ ಅದೇ, ಸಲಕರಣೆ ಬೇರೆ. ಲಿನಕ್ಸ್ ಡ್ರೈವರ್ ಇಲ್ಲಿ ಓಡದ ಕಾರಣ 5ನೇ ಹಂತವನ್ನು ಮರೆತುಬಿಡಿ: ಚಿಪ್ಪಿಗೆ ಡ್ರೈವರ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಫ್ರೀಬಿಎಸ್‌ಡಿಯಲ್ಲಿ ‘ಯುಎಸ್‌ಬಿಕಾನ್ಫಿಗ್’ ಸಾಧನವನ್ನು ತೋರಿಸುತ್ತದೆ. ‘ಸಿಸ್‌ಸಿಟಿಎಲ್ ನೆಟ್.ಡಬ್ಲ್ಯುಲ್ಯಾನ್.ಡಿವೈಸಸ್’ ಉತ್ತರದಲ್ಲಿ ‘ಆರ್‌ಟಿಡಬ್ಲ್ಯುಎನ್0’ ಅಥವಾ ‘ರನ್0’ ಎಂದು ಬಂದರೆ ಡ್ರೈವರ್ ಹಿಡಿದಿದೆ. ಆದರೆ ಆ ಹೆಸರಿನ ಮೇಲೆ ನೇರವಾಗಿ ಸಂಪರ್ಕ ಮಾಡಲಾಗದು, ‘ಡಬ್ಲ್ಯುಲ್ಯಾನ್0’ ಎಂಬ ಇಂಟರ್‌ಫೇಸನ್ನು ಅದರ ಮೇಲೆ ರಚಿಸಬೇಕು. ‘ಆರ್‌ಸಿ ಡಾಟ್ ಕಾನ್ಫ್’ ಕಡತದಲ್ಲಿ ‘ಡಬ್ಲ್ಯುಲ್ಯಾನ್ಸ್_ಆರ್‌ಟಿಡಬ್ಲ್ಯುಎನ್0’ ಎಂಬುದಕ್ಕೆ ‘ಡಬ್ಲ್ಯುಲ್ಯಾನ್0’ ಎಂದೂ ‘ಐಎಫ್‌ಕಾನ್ಫಿಗ್_ಡಬ್ಲ್ಯುಲ್ಯಾನ್0’ ಎಂಬುದಕ್ಕೆ ‘ಡಬ್ಲ್ಯುಪಿಎ ಸಿಂಕ್‌ಡಿಎಚ್‌ಸಿಪಿ’ ಎಂದೂ ಮೌಲ್ಯ ಕೊಡಬೇಕು. ಈ ಎರಡನೆಯ ಮೌಲ್ಯದ ಎರಡು ಪದಗಳು ಮಾತ್ರ ದೊಡ್ಡಕ್ಷರದಲ್ಲಿರಬೇಕು. ಓಪನ್‌ಬಿಎಸ್‌ಡಿಯಲ್ಲಿ ಫರ್ಮ್‌ವೇರ್ ತರಲು ‘ಎಫ್‌ಡಬ್ಲ್ಯು_ಅಪ್‌ಡೇಟ್’ ಎಂಬ ಒಂದೇ ಆದೇಶ ಸಾಕು, ಅದಕ್ಕೂ ಫೋನಿನ ಟೆದರಿಂಗ್ ನೆರವಾಗುತ್ತದೆ.

## 9. ಬೇರೆ ಅಡಾಪ್ಟರ್ ಕೊಳ್ಳುವುದಾದರೆ

ಕರ್ನಲ್ ಹೊಸದಾಗಿದ್ದೂ ಚಿಪ್ಪಿಗೆ ಬೆಂಬಲವಿಲ್ಲ, ಹೊರಗಿನ ಡ್ರೈವರಿನ ಪುಟದಲ್ಲಿ ವರ್ಷಗಳಿಂದ ಚಲನೆಯಿಲ್ಲ ಎಂದಾದರೆ ಆ ಅಡಾಪ್ಟರನ್ನು ವಿಂಡೋಸ್ ಬಳಸುವವರಿಗೆ ಕೊಟ್ಟುಬಿಡುವುದು ಉತ್ತಮ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬೇಕಿದ್ದರೆ ಎಂಟಿ7612ಯು, ವೈ-ಫೈ 6 ಬೇಕಿದ್ದು ಕರ್ನಲ್ 5.18 ದಾಟಿದ್ದರೆ ಎಂಟಿ7921ಎಯು ಚಿಪ್ಪಿನದು ಕೊಳ್ಳಬಹುದು. ಆಲ್ಫಾ ಕಂಪನಿಯ ಎಡಬ್ಲ್ಯುಯುಎಸ್036ಎಸಿಎಂ ಮತ್ತು ಎಡಬ್ಲ್ಯುಯುಎಸ್036ಎಎಕ್ಸ್‌ಎಂಎಲ್ ಕ್ರಮವಾಗಿ ಈ ಚಿಪ್ಪುಗಳನ್ನೇ ಹೊಂದಿವೆ. ಬೆಲೆ ಮಾತ್ರ ಉಗುರುಗಾತ್ರದ ಡಾಂಗಲ್‌ಗಳಿಗಿಂತ ಬಹಳ ಹೆಚ್ಚು.

ಮಾರಾಟದ ಪುಟದಲ್ಲಿ ‘ಲಿನಕ್ಸ್ ಬೆಂಬಲವಿದೆ’ ಎಂದಿದ್ದರೆ ಅದರ ಮುಂದೆ ಬರೆದ ಕರ್ನಲ್ ಸಂಖ್ಯೆ ಓದಬೇಕು. 2.6ರಿಂದ 4.4ರವರೆಗೆ ಎಂಬಂಥ ಮಿತಿ ಇದ್ದರೆ ಅದು ತಯಾರಕರ ಹಳೆಯ ಡ್ರೈವರಿನ ಮಿತಿ, ಇಂದಿನ ಕರ್ನಲ್‌ಗೆ ಅದು ಹೊಂದುತ್ತದೆಂಬ ಭರವಸೆಯಲ್ಲ. ಚಿಪ್ಪಿನ ಹೆಸರೇ ಹೇಳದ ಮಾರಾಟಗಾರರಿಂದ ಕೊಳ್ಳುವುದಾದರೆ ಹಿಂದಿರುಗಿಸುವ ಅವಧಿ ಎಷ್ಟೆಂದು ಮೊದಲೇ ಕೇಳಿ, ಸಾಮಾನು ಕೈಸೇರಿದ ದಿನವೇ ಎಲ್‌ಎಸ್‌ಯುಎಸ್‌ಬಿ ಗುರುತನ್ನು ‘ಮಾಡ್ಯೂಲ್ಸ್ ಡಾಟ್ ಅಲಿಯಾಸ್’ ಕಡತದಲ್ಲಿ ಹುಡುಕಿ ನೋಡಬೇಕು. ಅಲ್ಲಿ ಸಿಗದಿದ್ದರೆ ಪೊಟ್ಟಣವನ್ನು ಹರಿಯದೆ ಇಟ್ಟುಕೊಂಡು ಆ ವಾರದಲ್ಲೇ ಮರಳಿಸಿ.